ಆಕಳಿಸಿದ ದಿಮ್ಮಿ

ಒಂದು ಕಾಡಿನಲ್ಲಿ ಒಂದು ಹೊಳೆ ಇತ್ತು. ಇತ್ತು ಅನ್ನುವುದು ಮಳೆಗಾಲದ ಮಾತು. ಬೇಸಿಗೆ ಬಂತೆಂದರೆ ಹೊಳೆಯೆಲ್ಲ ಮರಳಿನೊಳಗೆ ಇಂಗಿಹೋಗಿ, ಹೊಳೆಮತ್ತಿ ಮರದ ಬುಡದಲ್ಲಿ ಒಂದು ಮಡು ಮಾತ್ರ ಉಳಿಯುತ್ತಿತ್ತು. ಆ ಮಡುವಿನಲ್ಲಿ ಮೂತಪ್ಪ ಎಂಬ ಮೊಸಳೆಮೀನು ಇತ್ತು.

ಮೊಸಳೆಮೀನು ಮೊಸಳೆಯಲ್ಲ. ನೋಡಿದರೆ ಮೀನು ಅಂತಲೂ ಅನ್ನಿಸುವುದಿಲ್ಲ. ಮೂತಪ್ಪನ ಮೈ ಮರದ ದಿಮ್ಮಿಯ ಹಾಗೆ ಉದ್ದಕ್ಕೆ ಉರುಟಾಗಿತ್ತು. ಮೈತುಂಬ ಹೆಂಚು ಹೊದಿಸಿದಂತೆ ಗಟ್ಟಿ ಹುರುಪೆ. ಮುಂದೆ ಮೊಳದುದ್ದದ ಮೂತಿ, ಮೂತಿಯ ತುಂಬ ಸೂಜಿಯಂಥ ಹಲ್ಲು. ಮಡುವಿನ ಸಣ್ಣ ಮೀನುಗಳು ಮರೆಯಲ್ಲಿ ಆಡಿಕೊಂಡು ನಗುತ್ತಿದ್ದವು: "ಬ್ರಹ್ಮನ ಕೈ ಇನ್ನೂ ಪಳಗಿರಲಿಲ್ಲ ನೋಡಿ, ಆಗ ಮಾಡಿದ ಮೀನು ಇದು."

ಮೂತಪ್ಪನಿಗೆ ಅದು ಕೇಳಿಸುತ್ತಿತ್ತು. ಬೇಸರವೇನೂ ಆಗುತ್ತಿರಲಿಲ್ಲ. "ಬ್ರಹ್ಮ ಮೊದಲು ಮಾಡಿದ್ದೇ ಸರಿಯಾಗಿತ್ತು. ಆಮೇಲೆ ಮಾಡಿದ್ದೆಲ್ಲ ನನಗೆ ಊಟ" ಎಂದುಕೊಂಡು ಸುಮ್ಮನಾಗುತ್ತಿದ್ದ.

ಮೂತಪ್ಪ ಮರಿಯಾಗಿದ್ದಾಗ ಅವನ ಅವ್ವ ಎರಡೇ ಎರಡು ಮಾತು ಹೇಳಿಕೊಟ್ಟಿದ್ದಳು. "ಬೇಟೆ ಪಕ್ಕಕ್ಕೆ ಬರುವ ತನಕ ಅಲುಗಬೇಡ ಮಗ. ಉಸಿರು ಬೇಕು ಅನ್ನಿಸಿದರೆ ಮಾತ್ರ ತಡೆಯಬೇಡ." ಮೊದಲ ಮಾತು ಹೊಟ್ಟೆಪಾಡಿನದು. ಮೊಸಳೆಮೀನು ಓಡಿ ಹಿಡಿಯುವ ಜಾತಿಯಲ್ಲ. ಕೊರಡಿನಂತೆ ಬಿದ್ದಿದ್ದು, ಪಕ್ಕಕ್ಕೆ ಬಂದದ್ದನ್ನು ತಲೆ ಬೀಸಿ ಹಿಡಿಯುತ್ತದೆ. ಎರಡನೆಯ ಮಾತು ಜೀವದ್ದು. ಬೇಸಿಗೆಯಲ್ಲಿ ನೀರು ಬೆಚ್ಚಗಾಗಿ ಕೊಳೆತಾಗ ಕಿವಿರು ಒಂದೇ ಸಾಲದು. ಆಗ ಮೊಸಳೆಮೀನು ಮೂತಿಯನ್ನು ನೀರಿನ ಮೇಲೆ ಹಾಕಿ, ಗಬಕ್ಕನೆ ಒಂದು ಬಾಯಿ ಗಾಳಿ ನುಂಗಿ, ಗುಳುಗುಳು ಗುಳ್ಳೆ ಬಿಟ್ಟು ಕೆಳಗಿಳಿಯುತ್ತದೆ. ಬೇರೆ ಮೀನುಗಳು ಸಾಯುವ ನೀರಿನಲ್ಲೂ ಅದು ಹಾಯಾಗಿರುತ್ತದೆ.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ಸಣ್ಣ ಮೀನುಗಳು ಬುದ್ಧಿ ಕಲಿತು ಬೇರುಗಳ ಸಂದಿಯಿಂದ ಆಚೆ ಬರುತ್ತಿರಲಿಲ್ಲ. ಮೂತಪ್ಪನ ಹೊಟ್ಟೆ ಬೆನ್ನಿಗೆ ಹತ್ತಿತು. ಅಷ್ಟರಲ್ಲಿ ದಡದ ಕಡೆಯಿಂದ ಕಪ್ಪೆಗಳ ಗೋಳು ಕೇಳಿಸಿತು.

ಮಡುವಿನ ದಡದಲ್ಲಿ ಕಪ್ಪೆಗಳ ಒಂದು ಮೇಳವಿತ್ತು. ಬೇಸಿಗೆಯ ಕೊನೆಗೆ ಹಾಡು ಹೇಳಿ ಮಳೆ ಕರೆಯುವುದು ಅವುಗಳ ಕುಲದ ಕೆಲಸ. ಆ ಕೆಲಸಕ್ಕೆ ಕಟ್ಟುಪಾಡುಗಳಿದ್ದವು. ಹಾಡುವವರು ನೆಲದ ಮೇಲೆ ಕೂರಬಾರದು, ನೀರಿನಲ್ಲಿ ತೇಲುವ ದಿಮ್ಮಿಯ ಮೇಲೇ ಕೂರಬೇಕು. ನೀರಿನ ಕಡೆಯ ತುದಿ ಒಳ್ಳೆಯ ದನಿಯವನದು, ದಡದ ಕಡೆಯ ತುದಿ ಕೆಟ್ಟ ದನಿಯವನದು. ಹಾಡು ಶುರುವಾದ ಮೇಲೆ ಮುಗಿಸದೆ ಇಳಿಯುವಂತಿಲ್ಲ. ಅರ್ಧ ಹಾಡಿಗೆ ಅರ್ಧ ಮಳೆ ಎಂದು ಹಿರಿಯರು ಹೇಳಿದ್ದರು. ಹಾಡು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ನೀರಿಗೆ ಧುಮುಕಬೇಕು. ಇಷ್ಟೆಲ್ಲ ಕಟ್ಟುಪಾಡು ಇದ್ದ ಮೇಳಕ್ಕೆ ಆ ವರ್ಷ ದಿಮ್ಮಿಯೇ ಇರಲಿಲ್ಲ. ಹಳೆಯದನ್ನು ಹೋದ ವರ್ಷದ ನೆರೆ ಕೊಚ್ಚಿಕೊಂಡು ಹೋಗಿತ್ತು.

ಮೂತಪ್ಪನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಕಪ್ಪೆಯ ಕಣ್ಣಿಗೆ ಅಲುಗುವುದು ಮಾತ್ರ ಜೀವವಾಗಿ ಕಾಣುತ್ತದೆ. ಅಲುಗಿದರೆ ನೊಣ, ಇಲ್ಲವೇ ಹಾವು. ಅಲುಗದಿದ್ದರೆ ಕಲ್ಲು, ಇಲ್ಲವೇ ಕಟ್ಟಿಗೆ. ಕಪ್ಪೆಗಳ ಲೋಕಜ್ಞಾನ ಅಲ್ಲಿಗೆ ಮುಗಿಯಿತು.

ಆ ಮಧ್ಯಾಹ್ನವೇ ಮೂತಪ್ಪ ದಡದ ಹತ್ತಿರ ಬಂದು, ಬಾಲವನ್ನು ದಡಕ್ಕೂ ಮೂತಿಯನ್ನು ನೀರಿಗೂ ಮಾಡಿಕೊಂಡು, ಬೆನ್ನು ಮೇಲೆ ಕಾಣುವಂತೆ ತೇಲುತ್ತ ನಿಂತ. ಹೊಳೆಮತ್ತಿಯ ಬೇರಿನ ಸಂದಿಯಲ್ಲಿ ಮನೆ ಮಾಡಿಕೊಂಡಿದ್ದ ಏಡಿ ಹೊರಗೆ ಇಣುಕಿತು.

"ಏನಣ್ಣ, ಮೈಗೆ ಹುಷಾರಿಲ್ವಾ? ತೇಲ್ತಾ ಇದೀಯ?"

"ಸುಮ್ನಿರೋ. ನಾನೀಗ ದಿಮ್ಮಿ."

"ದಿಮ್ಮಿ ಮಾತಾಡುತ್ತಾ?"

"ಕಪ್ಪೆಗಳು ಬರೋ ತನಕ ಮಾತಾಡುತ್ತೆ."

ಏಡಿ ಒಂದು ಕಣ್ಣನ್ನು ಹೊರಗೆ ಚಾಚಿ ಅವನನ್ನು ಬಾಲದಿಂದ ಮೂತಿಯ ತನಕ ನೋಡಿತು. "ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ನೋಡ್ಕೊಳ್ಳಣ್ಣ."

"ನಾನು ಬಾಯಿ ಬಿಟ್ಟ ಮೇಲೆ ಅದನ್ನ ನೋಡೋಕೆ ಯಾವ ಕಪ್ಪೆ ಉಳಿದಿರುತ್ತೆ?" ಎಂದ ಮೂತಪ್ಪ. ಏಡಿ ನನಗೇಕೆ ಊರ ಉಸಾಬರಿ ಎಂದು ಒಳಗೆ ಹೋಯಿತು.

ಸಂಜೆ ಕಪ್ಪೆಗಳು ಬಂದವು. ದಿಮ್ಮಿ ಕಂಡು ಕುಣಿದಾಡಿದವು. ಮೇಳದ ಹಿರಿಯ ತಮಟಯ್ಯ ಮುಂಗಾಲಿನಿಂದ ಕುಟ್ಟಿ ನೋಡಿದ. "ಹಳೇ ಕಾಲದ ಮರ ಇದು. ಈಗಿನ ಮರಗಳಲ್ಲಿ ಈ ಗಟ್ಟಿತನ ಎಲ್ಲಿ ಬರಬೇಕು?" ಎಂದ. ಹೊಗಳಿಕೆ ಕೇಳಿ ಮೂತಪ್ಪನಿಗೆ ಹಿತವಾಯಿತು. ಆದರೂ ಅಲುಗಲಿಲ್ಲ.

ತಮಟಯ್ಯ ನೀರಿನ ಕಡೆಯ ತುದಿಗೆ ಹೋಗಿ ಕೂತ. ಅವನ ಹಿಂದೆ ಕೊಂಬಣ್ಣ, ಕೊಂಬಣ್ಣನ ಹಿಂದೆ ಜಾಗಟೆಪ್ಪ. ಆಮೇಲೆ ಹಿಮ್ಮೇಳದ ನಾಲ್ಕಾರು ಕಪ್ಪೆಗಳು. ಎಲ್ಲರ ಹಿಂದೆ ಬಾಲದ ಮೇಲೆ ಗೊಗ್ಗಪ್ಪ. ತಮಟಯ್ಯನ ಹಾಡು ಚಿಕ್ಕದು, ಚೊಕ್ಕದು. ಕೇಳಿದವರು ಇನ್ನೊಮ್ಮೆ ಹಾಡಲಿ ಅನ್ನಬೇಕು, ಅಂಥದ್ದು. ಹಾಡು ಮುಗಿಯಿತು. ಎಲ್ಲರೂ ಒಟ್ಟಿಗೆ ಧುಮುಕಿದರು. ಮೂತಪ್ಪ ತಲೆಯನ್ನು ಒಂದು ಸಲ ಪಕ್ಕಕ್ಕೆ ಬೀಸಿದ. ಅಷ್ಟು ಜನ ಧುಮುಕಿದ ಸದ್ದಿನಲ್ಲಿ ಈ ಸದ್ದು ಯಾರಿಗೆ ಕೇಳಬೇಕು?

ಮಾರನೆಯ ದಿನ ತಮಟಯ್ಯ ಬರಲಿಲ್ಲ. "ಮೇಲಿನ ಮಡುವಿನವರು ಕರೆಸಿಕೊಂಡಿರಬೇಕು. ಅಂಥಾ ದನಿ ಇಲ್ಲಿ ಎಷ್ಟು ದಿನ ಅಂತ ಇರುತ್ತೆ?" ಎಂದ ಕೊಂಬಣ್ಣ. ಮುಖ ಸಪ್ಪಗೆ ಮಾಡಿಕೊಂಡೇ ಹೋಗಿ ತುದಿಯಲ್ಲಿ ಕೂತ. ಕೆಲವು ದಿನಗಳಾದ ಮೇಲೆ ಕೊಂಬಣ್ಣನೂ ಇಲ್ಲ. "ಅವನನ್ನೂ ಕರೆಸಿಕೊಂಡರು" ಎಂದು ಜಾಗಟೆಪ್ಪ ಮುಂದಕ್ಕೆ ಸರಿದ. ಹೋದವರನ್ನು ಹುಡುಕುವ ಗೋಜಿಗೆ, ಅವರ ಜಾಗ ಸಿಕ್ಕವನು ಹೋಗುವುದುಂಟೇ? ಒಂದು ಸಂಜೆ ಜಾಗಟೆಪ್ಪನನ್ನೂ ಮೂತಪ್ಪ ಮೇಲಿನ ಮಡುವಿಗೆ ಕಳಿಸಿಕೊಟ್ಟ.

ಈಗ ಉಳಿದ ಹಾಡುಗಾರ ಗೊಗ್ಗಪ್ಪ ಒಬ್ಬನೇ. ಹಿಮ್ಮೇಳದವು ಏನಿದ್ದರೂ ಹೂಂ ಅನ್ನುವುದಕ್ಕೆ. ಗೊಗ್ಗಪ್ಪನ ದನಿ ಒಡಕು ಮಡಕೆಯಲ್ಲಿ ಕಲ್ಲು ಹಾಕಿ ಕುಲುಕಿದಂತೆ ಇತ್ತು. ಆದರೆ ಮೈ ಮಾತ್ರ ಮೇಳದಲ್ಲೇ ದಪ್ಪ. ಮೂತಪ್ಪನಿಗೆ ದನಿಯಿಂದ ಆಗಬೇಕಾದ್ದೇನೂ ಇರಲಿಲ್ಲ.

ಅಷ್ಟರಲ್ಲಿ ಮಡು ಇನ್ನಷ್ಟು ಇಳಿದಿತ್ತು. ನೀರು ಗಂಜಿಯಂತೆ ಮಂದವಾಗಿತ್ತು. ಮೂತಪ್ಪ ಮತ್ತೆ ಮತ್ತೆ ಮೇಲೆ ಬಂದು ಗಾಳಿ ನುಂಗಬೇಕಾಗುತ್ತಿತ್ತು. ಕಪ್ಪೆಗಳು ಬರುವ ಮುಂಚೆ ಒಮ್ಮೆ, ಹೋದ ಮೇಲೆ ಒಮ್ಮೆ ಎಂದು ಹೇಗೋ ಹೊಂದಿಸಿಕೊಂಡಿದ್ದ.

ಆ ಸಂಜೆ ಅವನು ಗಾಳಿ ನುಂಗಬೇಕು ಅನ್ನುವಷ್ಟರಲ್ಲಿ ಬಾಲದ ಮೇಲೆ ಧಪ್ಪೆಂದು ಭಾರ ಬಿತ್ತು. ಗೊಗ್ಗಪ್ಪ ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿದ್ದ. ಅವನ ಹಿಂದೆಯೇ ಅವನ ಹೆಂಡತಿ ಹೊಂಬವ್ವ ಬಂದಳು. ಮೂತಪ್ಪ ಬಾಯಿ ಬಿಗಿಹಿಡಿದು ದಿಮ್ಮಿಯಾದ.

"ರೀ, ನಾನು ಹೇಳೋದು ಸ್ವಲ್ಪ ಕೇಳಿ. ಈ ದಿಮ್ಮಿ ಸರಿ ಇಲ್ಲ" ಎಂದಳು ಹೊಂಬವ್ವ.

"ಏನಾಗಿದೆ ಇದಕ್ಕೆ? ಹಳೇ ಕಾಲದ ಮರ ಕಣೇ."

"ಬೆಳಿಗ್ಗೆ ಮಡುವಿನ ನಡುವೆ ಇತ್ತು. ಈಗ ದಡದಲ್ಲಿದೆ. ಒಂದೆಳೆ ಗಾಳಿ ಬೀಸಿಲ್ಲ."

"ನೀರು ಅಂದಮೇಲೆ ದಿಮ್ಮಿ ತೇಲಿಕೊಂಡು ಬರುತ್ತಪ್ಪ."

"ತೇಲಿಕೊಂಡು ಬರಲಿ, ಬೇಡ ಅನ್ನಲ್ಲ. ಆಕಳಿಸುತ್ತಾ?"

ಮೂತಪ್ಪ ಬಾಯಿಯನ್ನು ಇನ್ನಷ್ಟು ಬಿಗಿಹಿಡಿದ.

"ಮಧ್ಯಾಹ್ನ ನಾನು ಜೊಂಡಿನ ಹಿಂದೆ ಕೂತಿದ್ದೆ" ಎಂದು ಹೊಂಬವ್ವ ಮುಂದುವರಿಸಿದಳು. "ಆ ತುದಿ ಮೇಲಕ್ಕೆದ್ದು ಎರಡಾಗಿ ತೆರ್ಕೊಳ್ತು. ಗಬಕ್ ಅಂತು. ಆಮೇಲೆ ಗುಳ್ಳೆ ಬಂತು. ಉಸಿರಾಡೋ ಮರ ಎಲ್ಲಾದರೂ ಉಂಟೇನ್ರೀ?"

ಗೊಗ್ಗಪ್ಪನಿಗೆ ರೇಗಿತು. "ಜೀವಮಾನವೆಲ್ಲ ಬಾಲದ ಕಡೆ ಕೂತೆ. ಇವತ್ತು ಮುಂದಿನ ಜಾಗ ಸಿಕ್ಕಿದೆ. ಇವತ್ತೇ ಆಕಳಿಸಬೇಕಾ ನಿನ್ನ ದಿಮ್ಮಿ?"

ಹೊಂಬವ್ವ ಗಂಡನ ಹತ್ತಿರಕ್ಕೆ ಸರಿದಳು. ಅವಳಿಗೆ ಭಯವಾಗಿತ್ತು.

"ತಮಟಯ್ಯ ಮಾವ ಹೋದರು. ಕೊಂಬಣ್ಣ ಹೋದ, ಜಾಗಟೆಪ್ಪನೂ ಹೋದ. ಎಲ್ಲರೂ ಮೇಲಿನ ಮಡುವಿಗೆ ಹೋದರು ಅಂತೀರಿ. ಮೇಲಿನ ಮಡು ಒಣಗಿ ಎಷ್ಟು ಕಾಲ ಆಯ್ತು? ಅಲ್ಲಿ ಕರೆಯೋಕೆ ಯಾರಿದ್ದಾರೆ? ಮುಂದಿನ ಜಾಗ ಹೋದರೆ ಹೋಗಲಿ ರೀ. ನೀವೇ ಹೋದರೆ ನಾನೇನು ಮಾಡಲಿ?"

ಗೊಗ್ಗಪ್ಪನ ಮನಸ್ಸು ಕರಗಿತು. ಆಸೆ ಮಾತ್ರ ಕರಗಲಿಲ್ಲ. "ಅಷ್ಟು ಮಾತ್ರ ಕೇಳಬೇಡ ಕಣೇ. ಮುಂದೆ ಕೂರದೆ ನಾನು ಸಾಯಲ್ಲ" ಎಂದ.

ಕೂತರೆ ಸಾಯುತ್ತೀಯ ಎಂದು ಮೂತಪ್ಪ ಒಳಗೊಳಗೇ ನಕ್ಕ.

"ಹಾಗಾದರೆ ಒಂದು ಮಾತು ನಡೆಸಿಕೊಡಿ" ಎಂದಳು ಹೊಂಬವ್ವ. "ಮೊದಲು ಇಲ್ಲೇ ಬಾಲದ ಮೇಲೆ ಕೂತು ಹಾಡಿ. ನಾನು ದಡದಲ್ಲಿ ಕೂತು ಆ ತುದೀನೇ ನೋಡ್ತಿರ್ತೀನಿ. ಹಾಡು ಮುಗಿಯೋ ತನಕ ಅದು ಅಲುಗದಿದ್ದರೆ ನನ್ನ ಮಾತು ಸುಳ್ಳು. ಆಮೇಲೆ ಮುಂದೆ ಹೋಗಿ ಕೂತು ಮಂಗಳ ಹಾಡಿ. ನಾನು ತಡೆಯಲ್ಲ."

"ಯಾವ ಹಾಡು ಹಾಡಲಿ?"

"ನಿಮ್ಮ ತಾತನ ಹಾಡು."

ಗೊಗ್ಗಪ್ಪನಿಗೆ ನಂಬಲಿಕ್ಕೇ ಆಗಲಿಲ್ಲ. ಆ ಹಾಡನ್ನು ಪೂರ್ತಿ ಹಾಡಲು ಅವನಿಗೆ ಇಷ್ಟು ವರ್ಷ ಯಾರೂ ಬಿಟ್ಟಿರಲಿಲ್ಲ. "ಅಷ್ಟೂ ನುಡಿನಾ?" ಎಂದು ಕೇಳಿದ.

"ಅಷ್ಟೂ ನುಡಿ" ಎಂದಳು ಹೊಂಬವ್ವ. ಬೇರಿನ ಸಂದಿಯಲ್ಲಿ ಏಡಿ ಕಿಸಕ್ಕನೆ ನಕ್ಕಿತು.

ಜಾಣನಾಗಿದ್ದರೆ ಮೂತಪ್ಪ ಅಲ್ಲೇ ಮುಳುಗಿ ದೂರ ಹೋಗಿ ಉಸಿರಾಡಿಕೊಳ್ಳುತ್ತಿದ್ದ. ಆದರೆ ಹಾಗೆ ಹೋದರೆ ದಿಮ್ಮಿಯ ಆಟ ಅಂದಿಗೆ ಮುಗಿದಂತೆ. ಬೆನ್ನ ಮೇಲೆ ಆ ದಪ್ಪ ಗೊಗ್ಗಪ್ಪ ಬೇರೆ ಕೂತಿದ್ದಾನೆ. ಕಪ್ಪೆಯ ಹಾಡು ಅಂದರೆ ಎಷ್ಟು ಉದ್ದ ಇದ್ದೀತು? ತಮಟಯ್ಯ ಹೀಗೆ ಬಾಯಿ ತೆರೆದು ಹೀಗೆ ಮುಗಿಸುತ್ತಿದ್ದನಲ್ಲ? ಹೀಗೆ ಲೆಕ್ಕ ಹಾಕಿ ಮೂತಪ್ಪ ಉಸಿರು ಬಿಗಿಹಿಡಿದ.

ಹಿಮ್ಮೇಳದವು ಬಂದು ಕೂತವು. ಗೊಗ್ಗಪ್ಪ ಗಂಟಲು ಸರಿಮಾಡಿಕೊಂಡ. ಅದೇ ಒಂದು ಹಾಡಿನಷ್ಟು ಹೊತ್ತು ಹಿಡಿಯಿತು.

"ಮೂಡಣ ಗುಡ್ಡದ ಮೋಡಣ್ಣ, ಕೊಡ ತುಂಬ್ಕೊಂಡು ಬಾರಣ್ಣ" ಎಂದು ಶುರುಮಾಡಿದ.

"ಹೂಂ" ಎಂದಿತು ಹಿಮ್ಮೇಳ.

ಮೂಡಣದ ಮೋಡ ಆಯಿತು. ಪಡುವಣದ ಮೋಡ ಆಯಿತು. ಬಡಗಣದ್ದು, ತೆಂಕಣದ್ದು ಆಯಿತು. ಮುಗಿಯಿತು ಎಂದುಕೊಂಡ ಮೂತಪ್ಪ. ಎಲ್ಲಿ ಮುಗಿಯುತ್ತದೆ? ಆಮೇಲೆ ಮೋಡಣ್ಣನ ಹೆಂಡತಿ ಬಂದಳು. ಅವಳ ತವರಿನವರು ಬಂದರು. ಗುಡುಗು ಬಂತು, ಗುಡುಗಿನ ತಮ್ಮ ಮಿಂಚು ಬಂತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ದಾರಿ ಹೇಳಿ, ಕೂರಿಸಿ ಉಪಚಾರ ಮಾಡುವ ಹಾಡು ಅದು. ತಾತ ತುಂಬ ಮರ್ಯಾದೆಯವನಾಗಿದ್ದಿರಬೇಕು.

ಮೂತಪ್ಪನ ಎದೆ ಬಿರಿಯುತ್ತಿತ್ತು. ಅವ್ವ ಹೇಳಿದ ಎರಡನೆಯ ಮಾತು ನೆನಪಾಯಿತು. ಮೊದಲನೆಯ ಮಾತೂ ನೆನಪಾಯಿತು. ಅಲುಗಬೇಡ ಅಂದವಳೂ ಅವ್ವನೇ, ಉಸಿರು ತಡೆಯಬೇಡ ಅಂದವಳೂ ಅವ್ವನೇ. ಎರಡೂ ಒಟ್ಟಿಗೆ ಬಂದರೆ ಯಾವುದನ್ನು ಕೇಳಬೇಕು ಎಂದು ಅವ್ವ ಹೇಳಿರಲಿಲ್ಲ. ಹೊಟ್ಟೆ ಹೇಳಿತು: ಅಲುಗಬೇಡ.

ಆಗ ಹಾಡು ನಿಂತಿತು. ಮೂತಪ್ಪನಿಗೆ ಹೋದ ಜೀವ ಬಂದಂತಾಯಿತು.

"ತಪ್ಪಿತು" ಎಂದ ಗೊಗ್ಗಪ್ಪ. "ಮಿಂಚಿನ ಮುಂಚೆ ಸೋದರತ್ತೆ ಬರಬೇಕಿತ್ತು. ಗುಡುಗಿನಿಂದ ಮತ್ತೆ ಹಾಡ್ತೀನಿ."

"ಹೂಂ" ಎಂದಿತು ಹಿಮ್ಮೇಳ.

ಮೂತಪ್ಪನ ಕಣ್ಣು ಹೊರಗೆ ಬಂತು. ಬಾಲ ಸೆಟೆದುಕೊಂಡಿತು. ಮೈಯ ಹುರುಪೆಗಳು ಒಂದೊಂದಾಗಿ ಬಿಗಿದವು. ಆದರೂ ತಡೆದುಕೊಂಡ. ಅವನ ಹಟವನ್ನು ಒಳ್ಳೆಯ ಕೆಲಸಕ್ಕೆ ಹಾಕಿದ್ದರೆ ಎಂಥ ದೊಡ್ಡ ಮೀನಾಗುತ್ತಿದ್ದನೋ ಏನೋ.

ಕೊನೆಗೂ ಗೊಗ್ಗಪ್ಪ ನಿಲ್ಲಿಸಿ, "ಇನ್ನು ಮಂಗಳ ಒಂದೇ. ನೋಡಿದ್ಯೇನೇ, ದಿಮ್ಮಿ ಅಲುಗಲೇ ಇಲ್ಲ" ಎಂದು ಎದ್ದ. ಬಾಲದಿಂದ ಬೆನ್ನಿಗೆ ಕುಪ್ಪಳಿಸಿದ. ಬೆನ್ನಿನಿಂದ ಕುತ್ತಿಗೆಗೆ ಕುಪ್ಪಳಿಸಿದ. ಭಾರ ಹತ್ತಿರ ಹತ್ತಿರ ಬರುವುದು ಮೂತಪ್ಪನಿಗೆ ಗೊತ್ತಾಗುತ್ತಿತ್ತು. ಇನ್ನೊಂದು ಕುಪ್ಪಳ. ಇನ್ನೊಂದೇ ಒಂದು.

ದಡದಲ್ಲಿ ಹೊಂಬವ್ವ ಆ ತುದಿಯನ್ನೇ ನೋಡುತ್ತಿದ್ದಳು. ತಾನು ಕಂಡದ್ದು ಸುಳ್ಳೇ? ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡ ಮುಂಗಾಲು ಎತ್ತಿದ.

"ರೀ, ನಿಲ್ಲಿ" ಎಂದಳು. "ಸೋದರತ್ತೆಯ ಮಗಳನ್ನ ಕರೆಯೋದು ಬಿಟ್ಟುಬಿಟ್ರಿ."

ಗೊಗ್ಗಪ್ಪ ಎತ್ತಿದ ಕಾಲನ್ನು ಇಳಿಸಿದ. "ಹೌದಲ್ಲ. ಅರ್ಧ ಹಾಡಿಗೆ ಅರ್ಧ ಮಳೆ. ನೀನು ಹೇಳಿದ್ದು ಒಳ್ಳೇದಾಯ್ತು" ಎಂದವನೇ ಕುತ್ತಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮತ್ತೆ ಗಂಟಲು ಸರಿಮಾಡಿಕೊಳ್ಳತೊಡಗಿದ.

ಅಲ್ಲಿಗೆ ಮೂತಪ್ಪನ ಕಟ್ಟೆ ಒಡೆಯಿತು. ಗಬಕ್! ನೀರು ಸೀಳಿಕೊಂಡು ಮೂತಿ ಮೇಲೆದ್ದಿತು. ಬಾಯಿ ಮೊಳದಗಲ ತೆರೆಯಿತು. ಕಪ್ಪೆಗಳಿಗೆ ಅಲುಗಿದ್ದು ಕಾಣುತ್ತದಲ್ಲ, ಈಗ ಎಲ್ಲವೂ ಕಂಡಿತು: ಹಲ್ಲು, ನಾಲಿಗೆ, ತಮಟಯ್ಯ ಹೋದ ದಾರಿ.

"ದಿಮ್ಮಿ ಆಕಳಿಸ್ತು ಕಣೇ!" ಎನ್ನುತ್ತ ಗೊಗ್ಗಪ್ಪ ಕುತ್ತಿಗೆಯಿಂದ ಹಾರಿ ದಡಕ್ಕೆ ಬಿದ್ದ. ಹಿಮ್ಮೇಳದವು ದಿಕ್ಕಾಪಾಲಾದವು.

ಗಾಳಿ ಸಿಕ್ಕಿತ್ತು. ಮೂತಪ್ಪ ಅಷ್ಟಕ್ಕೇ ಮುಳುಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಅಷ್ಟು ಹೊತ್ತು ಕಾದ ಊಟ ಕಣ್ಣೆದುರೇ ಹೋಗುತ್ತಿದೆ. ಅವನು ಮೈಯೆಲ್ಲ ತಿರುಚಿ, ದಡದ ಕಡೆಗೆ ಹಾರಿ, ತಲೆ ಬೀಸಿದ. ಗೊಗ್ಗಪ್ಪ ಸಿಗಲಿಲ್ಲ. ಹೊಳೆಮತ್ತಿಯ ಬೇರು ಸಿಕ್ಕಿತು. ಆ ಉದ್ದ ಮೂತಿ ಎರಡು ಬೇರುಗಳ ಕವಲಿನಲ್ಲಿ ಕಚಕ್ಕನೆ ಸಿಕ್ಕಿಕೊಂಡಿತು. ಸೂಜಿಯಂಥ ಹಲ್ಲುಗಳು ಬೇರಿನೊಳಗೆ ಇಳಿದವು. ಎಳೆದಷ್ಟೂ ಬಿಗಿಯಾಯಿತು. ಅರ್ಧ ಮೈ ಕೆಸರಿನಲ್ಲಿ, ಅರ್ಧ ಮೈ ನೀರಿನಲ್ಲಿ.

ಏಡಿ ತನ್ನ ಬಾಗಿಲಲ್ಲಿ ಬಂದು ಬಿದ್ದ ಮೂತಿಯನ್ನು ನೋಡಿತು. "ಬಾಯಿ ಬಿಡಬೇಡ ಅಂದೆ. ಈಗ ಬಿಡೋಣ ಅಂದ್ರೂ ಆಗಲ್ಲ ನೋಡು" ಎಂದಿತು.

ಮೂತಪ್ಪ ಹಲ್ಲಿನ ಸಂದಿಯಿಂದಲೇ ಗೋಗರೆದ. "ಬಿಡಿಸ್ರಪ್ಪಾ. ನಿಮ್ಮ ಕಾಲಿಗೆ ಬೀಳ್ತೀನಿ."

ಕಪ್ಪೆಗಳು ಹೆದರಿಕೆ ಇಳಿದ ಮೇಲೆ ಒಂದೊಂದಾಗಿ ಹತ್ತಿರ ಬಂದವು. ಗೊಗ್ಗಪ್ಪ ಹೆಂಡತಿಯ ಹಿಂದೆ ನಿಂತಿದ್ದ.

"ನಮ್ಮ ಕೈಲಿ ಆಗೋ ಕೆಲಸ ಅಲ್ಲ ಇದು" ಎಂದಳು ಹೊಂಬವ್ವ. "ಹೊಳೆಗೆ ನೀರು ಬರಬೇಕು. ನೀರು ಎತ್ತಿದರೆ ನೀನೇ ಬಿಡಿಸಿಕೊಳ್ತೀಯ."

"ನೀರು ಯಾವಾಗ ಬರುತ್ತವ್ವ?"

"ಮಳೆ ಬಂದಾಗ."

"ಹಾಗಾದರೆ ಮಳೆ ಕರೀರಿ. ಆ ತಮಟಯ್ಯ ಹಾಡ್ತಿದ್ದನಲ್ಲ, ಚಿಕ್ಕ ಹಾಡು. ಮೋಡ ಕೂಡ ನಿಂತು ಕೇಳೋ ಹಾಗಿತ್ತು. ಅದನ್ನ ಹಾಡಿಸಿ."

ಹೊಂಬವ್ವ ಅವನನ್ನೇ ನೋಡಿದಳು. "ತಮಟಯ್ಯ ಮಾವ ಎಲ್ಲಿದ್ದಾರೆ? ನೀನೇ ಹೇಳು."

ಮೂತಪ್ಪ ಮೂತಿಯನ್ನು ಇನ್ನೊಮ್ಮೆ ಎಳೆದು ನೋಡಿದ.

"ಕೊಂಬಣ್ಣ?"

ಒಳ್ಳೆಯ ದನಿಯವರೆಲ್ಲ ಎಲ್ಲಿದ್ದಾರೆ ಎಂದು ಆ ಮಡುವಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ತಿಂದದ್ದಕ್ಕೆ ಸಂಕಟವಾಯಿತು.

ಆಗ ಗೊಗ್ಗಪ್ಪ ಹೆಂಡತಿಯ ಹಿಂದಿನಿಂದ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. "ಯಾಕೆ ಯೋಚನೆ ಮಾಡ್ತೀಯ? ನಾನಿದ್ದೀನಲ್ಲ" ಎಂದ.

ಮೀನಿಗೆ ರೆಪ್ಪೆಯಿಲ್ಲ. ಮೂತಪ್ಪನಿಗೆ ಕಣ್ಣು ಮುಚ್ಚಿಕೊಳ್ಳುವ ಭಾಗ್ಯವೂ ಇರಲಿಲ್ಲ.

ಆವತ್ತಿನಿಂದ ದಿನಾ ಸಂಜೆ ಮೇಳ ಅವನ ಬೆನ್ನ ಮೇಲೇ ಕೂತಿತು. ಮೂತಿ ಬೇರಿನಲ್ಲಿ ಸಿಕ್ಕಿದ್ದರಿಂದ ಹೆದರಿಕೆಯಿರಲಿಲ್ಲ, ಕಟ್ಟುಪಾಡಿಗೆ ದಿಮ್ಮಿಯೂ ಆಯಿತು. ಗೊಗ್ಗಪ್ಪ ತಾತನ ಹಾಡನ್ನು ಒಂದು ನುಡಿಯೂ ಬಿಡದೆ ಹಾಡಿದ. ತಪ್ಪಿದಲ್ಲಿ ಹಿಂದಕ್ಕೆ ಹೋಗಿ ಹಾಡಿದ. ಮೂತಪ್ಪ ಬೇರಿನ ಸಂದಿಯಿಂದ ಬರುವ ಗಾಳಿ ಕುಡಿಯುತ್ತ, ಒಪ್ಪೊತ್ತಿನ ಊಟವೂ ಇಲ್ಲದೆ, ಎಲ್ಲವನ್ನೂ ಕೇಳಿದ. ಕೊನೆಕೊನೆಗೆ ಹಿಮ್ಮೇಳಕ್ಕಿಂತ ಮುಂಚೆ ಅವನೇ ಹೂಂ ಅನ್ನುತ್ತಿದ್ದ. ಆ ದನಿಗೆ ಮೋಡಗಳು ಬರಲು ಹಿಂದೆಮುಂದೆ ನೋಡಿದವೋ ಏನೋ, ಆ ವರ್ಷ ಮಳೆ ತಡವಾಯಿತು.

ಬಂದದ್ದು ಮಾತ್ರ ಕೊಡ ಮಗುಚಿದಂತೆ ಬಂತು. ಹೊಳೆ ಕೆಂಪಾಗಿ ಹರಿದು ಬಂತು. ನೀರು ಎತ್ತಿ, ಬೇರು ಸಡಿಲವಾಗಿ, ಮೂತಪ್ಪ ಬಿಡಿಸಿಕೊಂಡ. ದಿಮ್ಮಿಯಂತಿದ್ದವನು ಕಡ್ಡಿಯಾಗಿದ್ದ. ನೆರೆಯ ಜೊತೆ ಕೆಳಗೆ ಹೋದವನು ತಿರುಗಿ ನೋಡಲಿಲ್ಲ. ಇವತ್ತಿಗೂ ಎಲ್ಲೇ ಕಪ್ಪೆ ಗಂಟಲು ಸರಿಮಾಡಿಕೊಂಡರೂ ಸಾಕಂತೆ, ಅವನು ಎದುರಿಗಿದ್ದ ಊಟ ಬಿಟ್ಟು ಮೊದಲು ಮೇಲೆ ಬಂದು ಒಂದು ಬಾಯಿ ಗಾಳಿ ನುಂಗುತ್ತಾನಂತೆ.

ತನ್ನ ದನಿಗೇ ಮಳೆ ಬಂತೆಂದು ಗೊಗ್ಗಪ್ಪ ನಂಬಿದ. ಹೊಂಬವ್ವ ಹೌದು ಎಂದಳು. ಗಂಡ ಬದುಕಿ ಪಕ್ಕದಲ್ಲಿ ಕೂತು ಒದರುತ್ತಿರುವಾಗ ಹೌದು ಅನ್ನಲು ಅವಳಿಗೆ ಕಷ್ಟವೇನಿತ್ತು?

ನೀತಿ: ನಂಬಿ ಹತ್ತಿರ ಬಂದವರನ್ನು ನುಂಗಿದವನಿಗೆ, ತನ್ನ ಕಷ್ಟಕಾಲದಲ್ಲಿ ಕೂಗಿ ಕರೆಯಲು ಒಳ್ಳೆಯವರು ಉಳಿದಿರುವುದಿಲ್ಲ.